ಸರಿಸಿದ್ದೋ, ನಕಲು ಮಾಡಿದ್ದೋ?

ಏನೂ ತಿಳಿಯದವನಿಗೆ ಗೊಂದಲ ಬರುವುದಿಲ್ಲ. ಅವನನ್ನು ಯಾರೂ ಕೆಲಸಕ್ಕೇ ಕರೆಯುವುದಿಲ್ಲವಲ್ಲ! ಎಲ್ಲ ತಿಳಿದ ನನ್ನಂಥವನನ್ನು ಮಾತ್ರ ಗೊಂದಲ ಬಸ್ಸು ಹಿಡಿದು ಹುಡುಕಿಕೊಂಡು ಬರುತ್ತದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸಾಲಗುಂದದಲ್ಲಿ ಎಮ್ಮೆ ಬಾಲ ಹಿಡಿದು ಬೆಳೆದ ನಾನು ಸಿಂಧನೂರಿನ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುವವನಾಗಿದ್ದೆ. ಊರಿಗೆ ಹೋದರೆ ಕಟ್ಟೆಯ ಮೇಲೆ ಕೂತವರು ‘ಇಂಜಿನಿಯರ ಬಂದ’ ಅನ್ನುತ್ತಿದ್ದರು. ಅಲ್ಲ ಅಂತ ನಾನು ಹೇಳಲು ಹೋಗಲಿಲ್ಲ. ಹಿರಿಯರ ಮಾತು ತೆಗೆದುಹಾಕಬಾರದು.

೧. ಕನಸಿನ ಊಟ

ನಮ್ಮ ಕ್ಲಾಸಿಗೆ ಲಿಂಗಸುಗೂರಲ್ಲಿ ಒಂದು, ಮಸ್ಕಿಯಲ್ಲಿ ಒಂದು ಶಾಖೆ. ಸಿಂಧನೂರಿನ ದೊಡ್ಡ ಮಷೀನಿನ ಹೊಟ್ಟೆಯೊಳಗೆ ಮೂರು ಕಂಪ್ಯೂಟರ್ ಇದ್ದವು, ಊರಿಗೊಂದರಂತೆ. ಮುಟ್ಟಲು ಸಿಗುವಂಥವಲ್ಲ. ದೊಡ್ಡ ಮಷೀನೇ ಮೂರು ವೇಷ ಹಾಕಿ ಮೂರು ಕಂಪ್ಯೂಟರಿನಂತೆ ನಟಿಸುತ್ತಿತ್ತು. ಶಾಖೆಯವರು ಬರೀ ಒಂದು ಪರದೆ ಇಟ್ಟುಕೊಂಡು ಟೆಲಿಫೋನ್ ತಂತಿಯ ಮೇಲೆ ಅವಕ್ಕೆ ಜೋತು ಬಿದ್ದು ಕೆಲಸ ಮಾಡುತ್ತಿದ್ದರು. ಇಂಥ ವ್ಯವಸ್ಥೆ ಜಿಲ್ಲೆಯಲ್ಲಿ ಬೇರೆಲ್ಲೂ ಇರಲಿಲ್ಲ. ಕೂಡಿಸಿದವನು ನಾನು.

ಮಾಲಕರಿಗೆ ಇದನ್ನು ತಿಳಿಸಿ ಹೇಳುವಷ್ಟರಲ್ಲಿ ಚಹಾ ಎರಡು ಸಲ ಆರಿತು.

“ಅಂದ್ರ ಈ ಮೂರೂ ಇರಲಾರದ ಕಂಪ್ಯೂಟರ?”

“ಹೌದ್ರಿ.”

“ಇರಲಾರದ್ದು ಕೆಲಸ ಮಾಡ್ತೈತಿ? ಕನಸಿನ್ಯಾಗ ಊಟ ಮಾಡಿದಂಗ?”

“ಹಂಗ ರೀ. ಆದ್ರ ಹೊಟ್ಟಿ ತುಂಬ್ತೈತ್ರಿ.”

ದೊಡ್ಡ ಮಷೀನು ಮುದಿಯಾಯಿತೆಂದು ಮಾಲಕರು ಹೈದರಾಬಾದಿನಿಂದ ಹೊಸದನ್ನು ತರಿಸಿದರು. “ಮೂರೂ ಹೊಸದ್ರಾಗ ಎದ್ದು ಕುಂತ್ರ ಮಸ್ಕಿ ಶಾಖೆಗೆ ನೀನ ಮ್ಯಾನೇಜರ. ಏಳಲಿಲ್ಲಂದ್ರ ಸಾಲಗುಂದದ ಬಸ್ಸು ಎಲ್ಲಿ ನಿಲ್ತೈತಿ ಅಂಬೋದು ನಿನಗ ಗೊತ್ತೈತಿ” ಅಂದರು.

ನನಗೆ ಮಸ್ಕಿ ಬೇಕೇ ಬೇಕಾಗಿತ್ತು. ಯಾಕೆಂದರೆ ಗುರುಗುಂಟಾದಲ್ಲಿ ಹೆಣ್ಣು ನೋಡಿ ಬಂದಿದ್ದೆ. ಹೆಣ್ಣಿನ ಅಪ್ಪ ಕುರಿ ಸಾಕಿದ ದೊಡ್ಡ ಮನುಷ್ಯ. ಏನು ಕೆಲಸ ಅಂತ ಕೇಳಿದಾಗ ಮಸ್ಕಿ ಶಾಖೆಯ ಮ್ಯಾನೇಜರ್ ಅಂತ ಆಗಲೇ ಹೇಳಿಬಿಟ್ಟಿದ್ದೆ. ಅದು ಸುಳ್ಳಲ್ಲ. ಸ್ವಲ್ಪ ಮುಂಚೆ ಹೇಳಿದ ಖರೆ.

ಮಾಲಕರು ಮಾತ್ರ ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದರು: “ಇರಲಾರದ ಕಂಪ್ಯೂಟರ ಕಲಿಸಾಕ ಇರೋ ಪಗಾರ ಯಾಕ ಕೊಡಾಕತ್ತೀನಿ ನಾ?”

೨. ನನಗೇ ಈ ಮಾತು

ಹೊಸ ಮಷೀನಿಗೆ ಮೂರನ್ನೂ ಹಾಕಿ ಮೊದಲು ಸಿಂಧನೂರಿನದನ್ನು ಎಬ್ಬಿಸಿದೆ. ಅದು ಎದ್ದು ಮುಖ ತೊಳೆಯುವ ಮೊದಲೇ ಒಂದು ಪ್ರಶ್ನೆ ಹಾಕಿತು. ನಾನಿರುವ ಜಾಗ ಬದಲಾದಂತಿದೆ, ನನ್ನನ್ನು ಸರಿಸಿದಿರೋ, ನಕಲು ಮಾಡಿದಿರೋ?

ನಕಲು! ನನಗೆ! ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಕಿಟಕಿಯ ಹೊರಗೆ ಊರಿಗೆ ಊರೇ ಚೀಟಿ ಹಿಡಿದು ನಿಂತಿರುವಾಗ ಒಂದು ಅಕ್ಷರ ನಕಲು ಮಾಡದೆ ಪಾಸಾದವನು ನಾನು. ಸಿಟ್ಟಿನಲ್ಲಿ ‘ಸರಿಸಿದೆ’ ಅನ್ನುವುದನ್ನು ಒತ್ತಿದೆ. ಸಿಂಧನೂರು ಸುಮ್ಮನೆ ಎದ್ದು ಕೆಲಸಕ್ಕೆ ಹತ್ತಿತು.

ಹಿಂದೆ ನಿಂತಿದ್ದ ಮಾಲಕರಿಗೆ ಸಮಾಧಾನವಾಗಲಿಲ್ಲ.

“ಹಳೇ ಮಷೀನಿನ್ಯಾಗ ಇದು ಇನ್ನೂ ಐತೇನು?”

“ಐತ್ರಿ.”

“ಹೊಸದ್ರಾಗೂ ಐತಿ?”

“ಐತ್ರಿ.”

“ಅಲ್ಲೂ ಐತಿ, ಇಲ್ಲೂ ಐತಿ. ಹಂಗಾದ್ರ ಸರಿಸಿದ್ದು ಏನಲೇ?”

ಹೊಸ ಮನೆಗೆ ಹೋದವನು ಹಳೆ ಮನೆಯ ಕಟ್ಟೆಯ ಮೇಲೂ ಕೂತಿದ್ದರೆ ಏನನ್ನಬೇಕು? ಅಂದಹಾಗೆ, ಪರೀಕ್ಷೆಯ ದಿನ ನನ್ನ ಕಿಟಕಿಗೆ ಚೀಟಿ ಹಿಡಿದು ಯಾರೂ ಬಂದಿರಲಿಲ್ಲ. ಅದು ಬೇರೆ ಮಾತು.

೩. ಲಿಂಗಸುಗೂರು ಎಲ್ಲೈತಿ?

ಮಾಲಕರ ಮಾತು ತಲೆಯೊಳಗೆ ಹೊಕ್ಕಿತ್ತು. ಎರಡೂ ಕಡೆ ಇದ್ದರೆ ಅದು ನಕಲೇ. ಲಿಂಗಸುಗೂರಿನದು ಎದ್ದು ಅದೇ ಪ್ರಶ್ನೆ ಕೇಳಿದಾಗ ಸತ್ಯ ಹರಿಶ್ಚಂದ್ರನಂತೆ ‘ನಕಲು ಮಾಡಿದೆ’ ಅಂದೆ.

ಸ್ವಲ್ಪ ಹೊತ್ತಿಗೆ ಲಿಂಗಸುಗೂರು ಶಾಖೆಯಲ್ಲಿ ಕಲಿಸುವ ಮೇಡಂ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದರು. “ಸರ, ಇದು ನಮ್ಮನ್ನ ಗುರುತ ಹಿಡಿವಲ್ದು.”

“ಹೆಸರು ಹೇಳ್ರಿ ಅದಕ್ಕ.”

“ಹೇಳೀನ್ರಿ. ಅದಕ್ಕ ತನ್ನ ಗುರುತ ಇಲ್ಲ, ನಮ್ಮದು ಎಲ್ಲಿಂದ ಹಿಡೀತೈತಿ?”

ಫೋನಿನಲ್ಲಿ ಬಗೆಹರಿಯುವ ಕೆಲಸವಲ್ಲ, ನಾನೇ ಬರುತ್ತೇನೆ ಅಂದೆ. ಸಿಕ್ಕ ಬಸ್ಸಿಗೆ ಜೋತು ಬಿದ್ದು ಮಸ್ಕಿ ದಾಟಿ ಲಿಂಗಸುಗೂರಿಗೆ ಹೋದೆ. ದಾರಿಯುದ್ದಕ್ಕೂ ಬಾಜೂದವನಿಗೆ ಕಂಪ್ಯೂಟರಿನ ವಿಷಯ ತಿಳಿಸಿದೆ. ಪಾಪ, ಹಟ್ಟಿ ಗಣಿಯ ರಾತ್ರಿ ಪಾಳಿಗೆ ಹೊರಟವನು, ಎಲ್ಲದಕ್ಕೂ ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದ. ಶಾಖೆಗೆ ಹೋದವನೇ ಅಂಗಿ ತೋಳು ಮಡಚಿ, “ಎಲ್ಲೈತಿ ಲಿಂಗಸುಗೂರಿನ ಕಂಪ್ಯೂಟರ? ತೋರಸ್ರಿ” ಅಂದೆ.

ಮೇಡಂ ನನ್ನ ಮುಖ ನೋಡಿದರು. ತಣ್ಣಗೆ ಹೇಳಿದರು:

“ಸರ, ಲಿಂಗಸುಗೂರು ಸಿಂಧನೂರಾಗ ಐತ್ರಿ.”

೪. ಹಳೇದು, ಹೊಸದು

ವಾಪಸು ಬಂದು ಕೈಪಿಡಿಯನ್ನು ಮೊದಲ ಸಲ ತೆರೆದೆ. ಪ್ರತಿ ಕಂಪ್ಯೂಟರಿಗೂ ಹಣೆಬರಹದಂತೆ ಒಂದು ನಂಬರು ಇರುತ್ತದಂತೆ. ಸರಿಸಿದೆ ಅಂದರೆ ಹಳೆ ನಂಬರು ಉಳಿಯುತ್ತದೆ, ಎಲ್ಲರೂ ಗುರುತು ಹಿಡಿಯುತ್ತಾರೆ. ನಕಲು ಅಂದರೆ ಹೊಸ ನಂಬರು ಬೀಳುತ್ತದೆ, ಆಗ ತಾನೇ ಹುಟ್ಟಿದ ಕೂಸು. ಇದನ್ನು ನಾನು ಓದದೆಯೇ ಅರ್ಧ ಸರಿ ಮಾಡಿದ್ದೆ ಅನ್ನುವುದನ್ನು ಗಮನಿಸಬೇಕು. ಲಿಂಗಸುಗೂರನ್ನು ಅಳಿಸಿ, ಹಳೆಯದರಿಂದ ಮತ್ತೆ ತಂದು ‘ಸರಿಸಿದೆ’ ಅಂದೆ. ಮಸ್ಕಿಗೂ ‘ಸರಿಸಿದೆ’ ಅಂದೆ. ಎರಡೂ ಎದ್ದವು. ಹಳೆ ಮಷೀನನ್ನು ಬಂದ್ ಮಾಡಿ, ಮಸ್ಕಿಯ ಖುರ್ಚಿಯ ಮೇಲೆ ಕೂರಲು ಹೊರಟೆ.

ನನ್ನ ಖುರ್ಚಿ ನೋಡಲು ಗುರುಗುಂಟಾದಿಂದ ಹೆಣ್ಣಿನ ಅಪ್ಪನೂ ಬಂದ, ಹೆಗಲ ಮೇಲೆ ಕಂಬಳಿ. ಮದುವೆಗೆ ಮುಂಚೆಯೇ ನಾನು ‘ಮಾವಾರ’ ಅನ್ನಲು ಹತ್ತಿದ್ದೆ. “ಮಾವಾರ, ನೋಡ್ರಿ” ಅಂತ ಕಂಪ್ಯೂಟರ್ ಹಚ್ಚಿ ಪರದೆಯ ಮೇಲೆ ಮಸ್ಕಿಯನ್ನು ಕರೆದೆ. ಬಂತು. ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಶಾಖೆಯ ಫೋನು ತಂತಿಯನ್ನು ಕಂಪ್ಯೂಟರೇ ಹಿಡಿದುಕೊಂಡಿದ್ದರಿಂದ ಬಾಜೂದ ಎಸ್‌ಟಿಡಿ ಬೂತಿಗೆ ಓಡಿದೆ. ಮಾವ ಹಿಂದೆಯೇ ಬಂದು ಬೂತಿನ ಬಾಗಿಲಲ್ಲಿ ನಿಂತ.

ಆ ಕಡೆ ಮಾಲಕರು ಆರಾಮಾಗಿದ್ದರು. ಚಲೋ ಮಷೀನು ಸುಮ್ಮನೆ ಯಾಕೆ ಕೂರಬೇಕೆಂದು ಹಳೆಯದನ್ನು ಟೈಪಿಂಗ್ ಕಲಿಯುವವರಿಗೆ ಹಚ್ಚಿಕೊಟ್ಟಿದ್ದರಂತೆ. ಅದರ ಹೊಟ್ಟೆಯೊಳಗಿನ ಹಳೆ ಮಸ್ಕಿಯೂ ಎದ್ದು ಕೂತಿತ್ತು. ಒಂದೇ ನಂಬರಿನ ಎರಡು ಮಸ್ಕಿ, ಒಂದು ಇನ್ನೊಂದನ್ನು ಹೊರಗೆ ದಬ್ಬುತ್ತಿತ್ತು.

ಲೈನು ಸರಿ ಇರಲಿಲ್ಲ, ಕೂಗಿ ಹೇಳಿದೆ: “ಮಾಲಕರ, ಹಳೇದನ್ನ ಯಾಕ ಎಬ್ಬಿಸೀರಿ? ಎರಡೂ ಒಂದ ಹೆಸರಿನ ಮ್ಯಾಲೆ ಜಗಳ ಆಡಾಕತ್ತಾವ. ಹಳೇದು ಜೀವಂತ ಇರೋತನಕ ಹೊಸದು ನನ್ನ ಕೂಡ ಬಾಳಂಗಿಲ್ರಿ. ನನಗ ಹೊಸದ ಬೇಕು. ಹಳೇದನ್ನ ಬಂದ್ ಮಾಡ್ರಿ.”

ನಮ್ಮ ಕಡೆ ಹೆಂಡತಿಯನ್ನೂ ‘ಅದು’ ಅಂತಲೇ ಅನ್ನುತ್ತಾರೆ. ‘ನಮ್ಮದು ತವರಿಗೆ ಹೋಗೈತಿ’ ಅಂದರೆ ಎಮ್ಮೆಯೋ ಸೈಕಲ್ಲೋ ಅಂತ ಯಾರೂ ಕೇಳುವುದಿಲ್ಲ. ನಾನು ಹೊರಗೆ ಬಂದಾಗ ಮಾವನ ಮೀಸೆ ನಡುಗುತ್ತಿತ್ತು.

“ತಮ್ಮಾ, ಹಳೇದು ಎಲ್ಲಿರತೈತಿ?”

“ಸಿಂಧನೂರಾಗ, ಮಾಲಕರ ಹತ್ರ.”

“ಅವರಿಗೆ ಎಲ್ಲಾ ಗೊತ್ತು?”

“ತಂದುಕೊಟ್ಟವರ ಅವರು. ಭಾಳ ಚಲೋ ದುಡೀತ್ರಿ ಮಾವಾರ. ಈಗ ಮುದಿ ಆಗೈತಿ, ಎದ್ದು ಕೂಡ್ರಾಕ ತಡಾ ಮಾಡ್ತೈತಿ. ಅದಕ್ಕ ಹೊಸದು.”

ಅಷ್ಟರಲ್ಲಿ ಬೂತಿನವನು ಕೂಗಿದ. ಸಿಂಧನೂರಿನಿಂದ ಫೋನು ಬಂದಿತ್ತಂತೆ: “ಹಳೇದ್ರ ಜೀವ ತಗದೀನಿ, ಇನ್ನ ಆರಾಮಿರು ಅಂತ ಹೇಳ್ಯಾರ ನೋಡ್ರಿ.”

ಮಾವ ತಿರುಗಿ ನೋಡದೆ ಬಸ್ ಸ್ಟ್ಯಾಂಡಿನ ಹಾದಿ ಹಿಡಿದ.

ಕೈ ಹಿಡಿದು ಶಾಖೆಗೆ ಎಳೆದುಕೊಂಡು ಹೋಗಿ, ಗಟ್ಟಿಯಾಗಿ ನಿಂತ ಕಂಪ್ಯೂಟರ್ ತೋರಿಸಿ, ಸರಿಸಿದ್ದು, ನಕಲು ಮಾಡಿದ್ದು, ನಂಬರು, ಎಲ್ಲವನ್ನೂ ಬಿಡಿಸಿ ಹೇಳಿದೆ. ಮಸ್ಕಿ ಕಂಪ್ಯೂಟರು ಮಸ್ಕಿಯಲ್ಲಿಲ್ಲ, ಸಿಂಧನೂರಿನಲ್ಲಿದೆ, ಅಲ್ಲೂ ಅದು ಖರೆಖರೆ ಇಲ್ಲ ಅಂದೆ. ಮಾವ ಕಂಬಳಿ ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡ.

“ಹೆಂಡ್ತಿ ಇಲ್ಲ ಅಂಬೋದು ತಿಳೀತು. ಆದ್ರ ತಮ್ಮಾ, ನೀ ಮ್ಯಾನೇಜರ ಇರೋದು ಇರಲಾರದ್ದಕ್ಕೇನು?”

೫. ಅಕ್ಕಿಯಲ್ಲಿ ಹೆಸರು

ಆದರೂ ಒಪ್ಪಿದ. ಕುರಿ ಮೇಯಿಸುವವರ ಬಾಯಲ್ಲಿ ಕತೆ ಹೊಲದಿಂದ ಹೊಲಕ್ಕೆ ಹೋಗಿ, ಮದುವೆಯ ಹೊತ್ತಿಗೆ ಗುರುಗುಂಟಾದ ತುಂಬ ನನ್ನ ಹೆಸರೇ ‘ಸರಿಸಿದ್ದೋ ನಕಲೋ’ ಆಗಿತ್ತು. ಹೆಸರುವಾಸಿಯಾದವರಿಗೆ ಇದೆಲ್ಲ ಇದ್ದದ್ದೇ.

ನಮ್ಮಲ್ಲಿ ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಹೆಣ್ಣಿಗೆ ಗಂಡು ಒಂದು ಹೊಸ ಹೆಸರು ಬರೆಯುವ ಪದ್ಧತಿ. ಗಂಡನ ಮನೆಯಲ್ಲಿ ಆಮೇಲೆ ಅದೇ ಹೆಸರು. ನಾನು ಸಿಂಧನೂರು ತಾಲೂಕಿನಲ್ಲೇ ಯಾರಿಗೂ ಇರದ ಹೆಸರು ಆರಿಸಿಟ್ಟಿದ್ದೆ. ಉಂಗುರ ಹಿಡಿದು ಅಕ್ಕಿಯಲ್ಲಿ ಚೆಂದಾಗಿ ಬರೆದು, ಎಲ್ಲರೂ ನೋಡಲಿ ಅಂತ ತಟ್ಟೆ ಸ್ವಲ್ಪ ಓರೆ ಮಾಡಿದೆ.

ಅಲ್ಲಿಯವರೆಗೆ ನನ್ನ ಕೂಡ ಒಂದು ಮಾತೂ ಆಡದವಳು ಬಾಸಿಂಗದೊಳಗಿಂದ ಮೆಲ್ಲಗೆ ಕೇಳಿದಳು.

“ನನ್ನ ಗುರುಗುಂಟಾದಿಂದ ಸರಿಸಾಕತ್ತೀರೋ, ನಕಲ ಮಾಡಾಕತ್ತೀರೋ?”

“ಸರಿಸಾಕತ್ತೀನಿ” ಅಂದೆ.

“ಸರಿಸಿದ್ದಕ್ಕ ಹಳೇ ನಂಬರ ಇರ್ತೈತಿ ಅಂತ ನೀವ ಅಪ್ಪಗ ಹೇಳೀರಂತ. ಹೊಸಾ ಹೆಸರು ಬೇಕಂದ್ರ ನಕಲ ಕರ್ಕೊಂಡು ಹೋಗ್ರಿ. ಅಸಲಿ ಇಲ್ಲೇ ಅವ್ವನ ಹತ್ರ ಇರ್ತೈತಿ.”

ಹಿಂದೆ ಕೂತ ಹೆಣ್ಣುಮಕ್ಕಳು ಸೆರಗು ಬಾಯಿಗಿಟ್ಟುಕೊಂಡರು. ನಾನು ಕೈಪಿಡಿ ಪೂರ್ತಿ ಓದಿದವನು, ನಿಯಮ ಮೀರುವಂತಿರಲಿಲ್ಲ. ಅಂಗೈಯಿಂದ ಅಕ್ಕಿ ಸಮ ಮಾಡಿ, ಅವಳ ಅಪ್ಪ ಇಟ್ಟ ಹೆಸರನ್ನೇ ಬರೆದೆ.

ಮದುವೆ ಮಾಡಿಸುತ್ತಿದ್ದ ಅಯ್ಯನವರು ಬಗ್ಗಿ ನೋಡಿ, ಇದೇನಪಾ, ಹಳೇ ಹೆಸರೇ ಬಂತಲ್ಲ ಅಂದರು.

“ಹೌದ್ರಿ,” ಅಂದೆ, “ಇಲ್ಲಂದ್ರ ಇದು ನನ್ನ ಗುರುತ ಹಿಡಿಯಂಗಿಲ್ಲಂತ.”