ಮೋಟಾರು ದೋಣಿಯ ಪತ್ರಿಕೆಯನ್ನು ಜಗುಲಿಯಲ್ಲಿ ಓದಿದ ಬಾಬತ್ತು

ವಾಚಕ ಮಹಾಶಯರ ಸನ್ನಿಧಾನದಲ್ಲಿ ಅತ್ಯಂತ ವಿನಯದಿಂದ ಅರಿಕೆ ಮಾಡಿಕೊಳ್ಳುವುದೇನೆಂದರೆ, ಒಂದು ಪತ್ರಿಕೆಯಿಂದ ಅದರ ಓದುಗರು ಏನನ್ನು ಬಯಸುತ್ತಾರೆಂಬುದು ಅದನ್ನು ಅಚ್ಚು ಮಾಡಿಸುವವರಿಗೆ ಗೊತ್ತಿರುವುದಿಲ್ಲ. ಓದುವವರಿಗೂ ಗೊತ್ತಿರುವುದಿಲ್ಲವೆಂದು ನನ್ನ ಅಭಿಪ್ರಾಯ. ಈ ವಾಕ್ಯವನ್ನು ಬರೆದ ಮೇಲೆ ನಾನು ಲೇಖನಿಯನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಧಾರಿಸಿಕೊಳ್ಳಬೇಕಾಯಿತು. ಸ್ವಂತ ಅಭಿಪ್ರಾಯವೆಂಬ ಬಾಬತ್ತಿನಲ್ಲಿ ನನಗೆ ಅಭ್ಯಾಸ ಸಾಲದು. ನಾನು ತಿರುಮಕೂಡಲು ನರಸೀಪುರದ ತಾಲ್ಲೂಕು ಕಚೇರಿಯಲ್ಲಿ ಎರಡನೇ ಗುಮಾಸ್ತ. ಮಳೆಯಲ್ಲಿ ತೊಪ್ಪೆಯಾಗಿ ನೆನೆದು ಬಂದರೂ, "ಮಳೆ ಬಂದಿರುತ್ತದೆ" ಎಂದು ಬರೆಯುವುದಕ್ಕೆ ಮುಂಚೆ ಮಳೆಯ ವರದಿ ಬಂದಿದೆಯೇ ಎಂದು ವಿಚಾರಿಸುವ ಪೈಕಿ. ಆದಕಾರಣ ಈ ಬರಹದಲ್ಲಿ ಎಲ್ಲಿಯಾದರೂ ಧೈರ್ಯ ಕಂಡುಬಂದಲ್ಲಿ ಅದನ್ನು ಕೈತಪ್ಪೆಂದು ಭಾವಿಸಿ ಮನ್ನಿಸಬೇಕು.

ವಿಷಯಕ್ಕೆ ಬರುತ್ತೇನೆ. ನಮ್ಮ ತಾಲ್ಲೂಕಿನ ನಾಲೆಗಳ ತನಿಖೆಗೆಂದು ಬಂದು ಮುಸಾಫರಿ ಬಂಗಲೆಯಲ್ಲಿ ಇಳಿದಿದ್ದ ಒಬ್ಬ ಇಂಗ್ಲಿಷ್ ಇಂಜಿನಿಯರ್ ದೊರೆಗಳಿಗೆ ಮೋಟಾರು ದೋಣಿಯ ಹುಚ್ಚು ಬಹಳವಾಗಿತ್ತು. ಕಾವೇರಿಯಲ್ಲಾಗಲಿ ಕಪಿಲೆಯಲ್ಲಾಗಲಿ ಅಂಥ ದೋಣಿಯನ್ನು ಯಾರೂ ಕಂಡವರಿಲ್ಲ. ದೊರೆಗಳ ಬಳಿಯೂ ದೋಣಿ ಇರಲಿಲ್ಲ. ದೋಣಿಯ ವಿಚಾರವಾದ ಪತ್ರಿಕೆ ಮಾತ್ರ ಇತ್ತು. ಅದು ವಿಲಾಯಿತಿಯಿಂದ ಹಡಗು ಹತ್ತಿ, ರೈಲಿನಲ್ಲಿ ನಂಜನಗೂಡು ಮುಟ್ಟಿ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಕುಲುಕಾಡುತ್ತ ನರಸೀಪುರಕ್ಕೆ ಬರುತ್ತಿತ್ತು. ಒಂದು ದಿನ ದೊರೆಗಳಿಗೆ ಇದ್ದಕ್ಕಿದ್ದಂತೆ ವರ್ಗವಾಯಿತು. ಅವರು ಹೋದರು, ಪತ್ರಿಕೆ ಬರುತ್ತಲೇ ಇತ್ತು. ಹೊಸ ವಿಳಾಸ ಯಾರಿಗೂ ತಿಳಿಯದ್ದರಿಂದ ನಮ್ಮ ಅಮಲ್ದಾರರು, "ಸದರಿ ಪತ್ರಿಕೆಗಳನ್ನು ಎರಡನೇ ಗುಮಾಸ್ತರ ವಶದಲ್ಲಿ ಜೋಪಾನವಾಗಿಡತಕ್ಕದ್ದು" ಎಂದು ಹುಕುಂ ಮಾಡಿದರು. ಜೋಪಾನವೆಂದ ಮೇಲೆ ಹುಳು ಹಿಡಿಯದಂತೆ ಪುಟಗಳನ್ನು ಆಗಾಗ್ಗೆ ಮಗುಚಬೇಕಲ್ಲವೆ? ಮಗುಚುವಾಗ ಕಣ್ಣು ಮುಚ್ಚಿಕೊಳ್ಳತಕ್ಕದ್ದೆಂದು ಹುಕುಮಿನಲ್ಲಿ ಇರಲಿಲ್ಲ. ಹೀಗೆ ನಾನು ಓದುಗನಾದೆ.

ಆ ಪತ್ರಿಕೆಯಲ್ಲಿ ಮುಕ್ಕಾಲು ಪಾಲು ಎಣ್ಣೆಯ ವಿಚಾರ. ಯಾವ ಎಣ್ಣೆ ಹಾಕಿದರೆ ಯಂತ್ರ ಕೆಮ್ಮುತ್ತದೆ, ಯಾವುದಕ್ಕೆ ಕೆಮ್ಮುವುದಿಲ್ಲ ಎಂದು ಓದುಗರೇ ಕಾಗದ ಬರೆದು ಜಗಳವಾಡುತ್ತಿದ್ದರು. ಒಬ್ಬರು ಬರೆದದ್ದನ್ನು ಮುಂದಿನ ಸಂಚಿಕೆಯಲ್ಲಿ ಇನ್ನೊಬ್ಬರು ಖಂಡಿಸುವರು. ಅದರ ಮುಂದಿನದರಲ್ಲಿ ಮೊದಲನೆಯವರು ಮತ್ತೆ ಏಳುವರು. ಬದುವಿನ ತಕರಾರಿನ ಅರ್ಜಿಗಳನ್ನು ನಿತ್ಯವೂ ಓದುವ ನನಗೆ ಇದು ಪರಿಚಯದ ಮನೆಗೆ ಹೋದಂತೆ ಆಗುತ್ತಿತ್ತು. ಅರ್ಥವಾದದ್ದು ಅರ್ಧ, ಸಂತೋಷ ಮಾತ್ರ ಪೂರ್ತಿ.

ಒಂದು ಬೆಳಗ್ಗೆ ಕಚೇರಿಯಲ್ಲಿ ಈ ಪತ್ರಿಕೆ ನನ್ನ ಮೇಜಿನ ಮೇಲೆ ತೆರೆದಿದ್ದಾಗ ಅಂಬಿಗರ ಕೆಂಪಯ್ಯ ಬಂದ. ನರಸೀಪುರದಿಂದ ಆಚೆ ದಡದ ಸೋಸಲೆಗೆ ಜನರನ್ನು ಹರಿಗೋಲಿನಲ್ಲಿ ದಾಟಿಸುವ ಕಡವಿನ ಹಕ್ಕು ಅವನ ತಾತನ ಕಾಲದಿಂದ ಅವರ ಮನೆಯದು. ಪುಟದಲ್ಲಿದ್ದ ದೋಣಿಯ ಚಿತ್ರವನ್ನು ನೋಡಿದವನೇ ಬಂದ ಕೆಲಸವನ್ನು ಮರೆತ.

"ಇದ್ಯಾವ ದೋಣಿ ಸಾ? ಉಟ್ಟೆಲ್ಲಿ, ಗಳ ಎಲ್ಲಿ? ಗಂಡ ಎಂಡ್ತಿ ಸುಮ್ಕೆ ಕುಂತವ್ರಲ್ಲ!"

"ಒಳಗೆ ಯಂತ್ರವಿದೆ ಕೆಂಪಯ್ಯ. ಎಣ್ಣೆ ಉರಿದು ಅದೇ ನೂಕುತ್ತದೆ."

"ಬುಡದಾಗೆ ಬೆಂಕಿ ಮಡಿಕ್ಕೊಂಡು ನೀರ್ ಮ್ಯಾಲೆ ಓಯ್ತರಾ? ಎಂಥ ಎದೆಗಾರಿಕೆ ಕಣ್ ಸಾ! ಓದಿ, ಮುಂದ್ಕೆ ಓದಿ."

ಕಚೇರಿಯಲ್ಲಿ ಓದುವುದು ಯುಕ್ತವಲ್ಲವೆಂದು ಸಂಜೆ ಮನೆಯ ಜಗುಲಿಗೆ ಬರಹೇಳಿದೆ. ಅವನೊಬ್ಬನೇ ಬರುವನೆಂದು ನಾನೆಣಿಸಿದ್ದೆ. ಅವನ ಹಿಂದೆ ಒಂದು ಕೇರಿಯೇ ಬಂದಿತು. ನಂಜನಗೂಡಿನ ಬೆಲ್ಲದ ವರ್ತಕರಾದ ಮಹದೇವಪ್ಪನವರು ಸಹ ಊರಿನಲ್ಲಿದ್ದಾಗಲೆಲ್ಲ ದಯಮಾಡಿಸತೊಡಗಿದರು. ನಮ್ಮ ಜನಕ್ಕೆ ಜಗುಲಿಯಲ್ಲಿ ದೀಪವಿಟ್ಟುಕೊಂಡು ಒಬ್ಬರು ಓದಿದರೆ ಅದು ಪುರಾಣವೇ. ನಾನು ಒಂದು ವಾಕ್ಯವನ್ನು ಇಂಗ್ಲಿಷಿನಲ್ಲಿ ರಾಗವಾಗಿ ಓದಬೇಕು, ಅನಂತರ ಕನ್ನಡದಲ್ಲಿ ಅರ್ಥ ಹೇಳಬೇಕು, ಎದುರಿಗೆ ಎಲೆ ಅಡಿಕೆ ಬಾಳೆಹಣ್ಣು, ಕೊನೆಗೆ ಮಂಗಳ. ಮನೆಯವರು, ಅಂದರೆ ನನ್ನ ಧರ್ಮಪತ್ನಿ, ಬಾಗಿಲ ಮರೆಯಲ್ಲಿ ಕುಳಿತು ಕೇಳುವರು. ಕಚೇರಿಯಲ್ಲಿ ನನ್ನ ಮಾತಿಗೆ ತಲೆಯೆತ್ತಿ ನೋಡದಿದ್ದ ಜನ ಇಲ್ಲಿ ಕೈಮುಗಿದು ಕುಳಿತಿದ್ದರು. ಈ ಉಪಕಾರವನ್ನು ನಾನು ಎಂದಿಗೂ ಮರೆಯತಕ್ಕವನಲ್ಲ.

ಪತ್ರಿಕೆಯಿಂದ ಯಾರಿಗೆ ಏನು ಬೇಕೆಂಬುದು ಅಲ್ಲಿ ದಿನೇ ದಿನೇ ಸ್ಪಷ್ಟವಾಯಿತು. ಮಹದೇವಪ್ಪನವರದು ಒಂದೇ ಪ್ರಶ್ನೆ: "ಅದೆಲ್ಲಾ ಸರಿ ಸ್ವಾಮಿ, ಎಷ್ಟು ಮೂಟೆ ಬೆಲ್ಲ ಹಿಡೀತದೆ?" ಪಂದ್ಯದ ದೋಣಿಯಿರಲಿ, ವಿಹಾರದ ದೋಣಿಯಿರಲಿ, ಅವರಿಗೆ ಮೂಟೆಯ ಲೆಕ್ಕವೇ. ಒಂದು ಸಲ ಅವರು, "ನಿನ್ನ ಹರಿಗೋಲಿಗೂ ಒಂದು ಯಂತ್ರ ಕಟ್ಟಿಸೋ ಕೆಂಪಾ, ಬುಗುರಿ ತಿರುಗಿದಂಗೆ ತಿರುಗ್ತದೆ" ಎಂದರು. "ತಿರುಗುಸ್ತೀನಿ ಸಾವ್ಕಾರ್ರೇ, ನೀವು ನಡುಮಧ್ಯ ಕುಂತ್ಕಳಿ. ಬುಗುರಿಗೆ ಮೊಳೆ ಬೇಕಲ್ಲ" ಎಂದು ಕೆಂಪಯ್ಯ ಉತ್ತರ ಕೊಟ್ಟ. ಎಣ್ಣೆಯ ಪ್ರಕರಣ ಬಂದಾಗ ಜಗುಲಿಯ ಅರ್ಧ ಭಾಗ ತೂಕಡಿಸುತ್ತಿತ್ತು. ಒಬ್ಬ ದೊರೆಯೂ ಅವರ ಹೆಂಡತಿಯೂ ಸಣ್ಣದೊಂದು ಮೋಟಾರು ದೋಣಿಯಲ್ಲಿ ಸಮುದ್ರದ ಅಂಚಿನುದ್ದಕ್ಕೂ ಪ್ರವಾಸ ಹೋದ ವೃತ್ತಾಂತವೊಂದು ಸಂಚಿಕೆಯಿಂದ ಸಂಚಿಕೆಗೆ ಬರುತ್ತಿತ್ತು. ಅದು ಬಂದೊಡನೆ ಎಲ್ಲರೂ ನೆಟ್ಟಗೆ ಕೂರುವರು. ಚಿತ್ರದಲ್ಲಿ ಆ ಹೆಂಗಸಿನ ತಲೆಯ ಮೇಲೆ ಬುಟ್ಟಿಯಷ್ಟು ದೊಡ್ಡ ಟೋಪಿಯಿದ್ದದ್ದರಿಂದ ಕೆಂಪಯ್ಯ ಆಕೆಗೆ ಟೋಪಿಯಮ್ಮ ಎಂದು ಹೆಸರಿಟ್ಟ. "ಎಣ್ಣೆ ಇಚಾರ ಅತ್ಲಾಗಿರ್ಲಿ ಸಾ, ಟೋಪಿಯಮ್ಮ ಎಲ್ಲವ್ಳೆ ಏಳಿ" ಎನ್ನುವನು.

ಒಂದು ಸಂಜೆ ಟೋಪಿಯಮ್ಮನಿಗೆ ಗಂಡಾಂತರ ಬಂದಿತು. ಸಮುದ್ರದ ಮೇಲೆ ದಟ್ಟವಾದ ಮಂಜು ಕವಿಯಿತು, ಯಂತ್ರ ನಿಂತುಹೋಯಿತು, ದಡ ಯಾವ ಕಡೆಯೆಂದು ತಿಳಿಯದಾಯಿತು. ನಾನು ಕಚೇರಿಯ ಅಭ್ಯಾಸದಂತೆ ಅರ್ಥ ಹೇಳಿದೆ: "ಸದರಿ ದೋಣಿಯು ಸದರಿ ಮಂಜಿನಲ್ಲಿ ನಿಂತುಹೋಗಿರುತ್ತದೆ. ಉಳಿದ ನಡವಳಿಯು ಮುಂದಿನ ಸಂಚಿಕೆಯಲ್ಲಿ." ಹೇಳಿ ಪತ್ರಿಕೆಯನ್ನು ಮಡಿಸಿದೆ. ಮುಂದಿನ ಸಂಚಿಕೆ ಬರುವಂತಿರಲಿಲ್ಲ. ಇಂಜಿನಿಯರ್ ದೊರೆಗಳು ತಮ್ಮ ಹೊಸ ವಿಳಾಸವನ್ನು ತಿಳಿಸಿರುವುದರಿಂದ ಪತ್ರಿಕೆ ಇನ್ನು ಅಲ್ಲಿಗೇ ಹೋಗುವುದೆಂದು ಅಂಚೆಯವರು ಅಂದೇ ಹೇಳಿದ್ದರು. ಅದನ್ನೂ ಅರಿಕೆ ಮಾಡಿದೆ.

"ಅಂಗಂದ್ರೇನ್ ಸಾ? ದಡ ಮುಟ್ಸಿ ಅವ್ರನ್ನ" ಎಂದ ಕೆಂಪಯ್ಯ.

"ಕಾಗದ ಮುಗಿದಿದೆ ಕೆಂಪಯ್ಯ."

"ಕಾಗ್ದ ಮುಗುದ್ರೆ? ನೀರಿನ್ನೂ ಮುಗುದಿಲ್ವಲ್ಲ!"

ಮಂಗಳ ಹೇಳದೆಯೇ ಜನ ಎದ್ದುಹೋದರು. ಪುರಾಣವನ್ನು ಅಶುಭದ ಜಾಗದಲ್ಲಿ ನಿಲ್ಲಿಸಬಾರದೆಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಸೀತೆಯನ್ನು ಲಂಕೆಯಲ್ಲಿ ಬಿಟ್ಟು ಯಾರೂ ಊಟಕ್ಕೆ ಏಳುವುದಿಲ್ಲ. ಹನುಮಂತ ಬರುವವರೆಗಾದರೂ ಓದಬೇಕು. ನನಗೂ ಗೊತ್ತಿತ್ತು. ಆದರೆ ಅಚ್ಚಾಗಿಲ್ಲದ ಹನುಮಂತನನ್ನು ನಾನು ಎಲ್ಲಿಂದ ತರಲಿ?

ಮರುದಿನ ಬೆಳಗ್ಗೆ ಅಮಲ್ದಾರರು ಸೋಸಲೆಯ ಮೇಲಾಗಿ ಹೆಮ್ಮಿಗೆಯ ಕಡೆಗೆ ಸರ್ಕೀಟು ಹೊರಟು ಹೊಳೆಯ ದಡಕ್ಕೆ ಬಂದರೆ, ಹರಿಗೋಲು ಮರಳಿನ ಮೇಲೆ ಬೋರಲು ಬಿದ್ದಿತ್ತು. ಟಪಾಲು, ತರಕಾರಿಯವರು, ಮಹದೇವಪ್ಪನವರ ಬೆಲ್ಲದ ಮೂಟೆಗಳು ಎಲ್ಲವೂ ಈಚೆಯೇ ನಿಂತಿದ್ದವು. ಕೆಂಪಯ್ಯ ಕೈಕಟ್ಟಿಕೊಂಡು ನಿಂತಿದ್ದ.

"ತಪ್ಪು ತಿಳ್ಕಬ್ಯಾಡಿ ಬುದ್ಧೀ. ನೀರಾಗೆ ಸಿಕ್ಕೊಂಡೋರ ಕತೆ ಅರ್ಧಕ್ಕೇ ನಿಂತದೆ. ಅವ್ರು ದಡ ಮುಟ್ಟೋಗಂಟ ಅಂಬಿಗನಾದೋನು ಜನಾನ ನೀರಿಗಿಳುಸ್ಬಾರ್ದು. ನಮ್ಮಪ್ಪ ಇಳುಸ್ನಿಲ್ಲ, ನಾನೂ ಇಳುಸಾಕಿಲ್ಲ."

"ಯಾರು ಓದಿದ ಕಥೆ ಅದು?" ಎಂದರು ಅಮಲ್ದಾರರು. ದಡದಲ್ಲಿದ್ದ ಕಣ್ಣುಗಳೆಲ್ಲ ನನ್ನ ಕಡೆ ತಿರುಗಿದವು. ನಾನು ಆ ದಿನ ಅವರ ಕಾಗದಗಳ ಕಟ್ಟನ್ನು ಹೊತ್ತು ಹಿಂದೆ ನಿಂತಿದ್ದೆ. ಇನ್ನಷ್ಟು ಹಿಂದೆ ಸರಿದೆ.

"ಸರಿ. ಆ ದೋಣಿ ದಡ ಸೇರಿತು ಅಂತ ನಾನು ಹುಕುಂ ಮಾಡಿದ್ದೇನೆ. ಹೊರಡು."

"ಬುದ್ಧಿಯೋರ ಉಕುಂ ಈ ತಾಲ್ಲೂಕಿಗೆ ಸರಿ. ಆ ಸಮುದ್ರ ಯಾರ ಕೈಕೆಳಗೈತೋ!"

ಸರಹದ್ದಿನ ವಿಚಾರದಲ್ಲಿ ಕೆಂಪಯ್ಯ ಹೇಳಿದ್ದು ನಿಯಮಕ್ಕೆ ಸರಿಯಾಗಿಯೇ ಇತ್ತು. ಆದರೆ ಅದನ್ನು ಒಪ್ಪಿ ಟಿಪ್ಪಣಿ ಬರೆಯುವ ಸಮಯ ಅದಲ್ಲ. ಅಮಲ್ದಾರರು ಕೆಂಪಗಾಗಿ, ಮಧ್ಯಾಹ್ನದೊಳಗೆ ಹರಿಗೋಲು ನೀರಿಗೆ ಬೀಳದಿದ್ದರೆ ಕಡವಿನ ಹಕ್ಕನ್ನು ಬೇರೆಯವರಿಗೆ ಕೊಡುವುದಾಗಿಯೂ, ಅದನ್ನು ನಿಲ್ಲಿಸಿದ ಪೌರಾಣಿಕರು ತಮಗೊಪ್ಪುವ ಕಾಡು ತಾಲ್ಲೂಕೊಂದನ್ನು ಹುಡುಕಿಕೊಳ್ಳಬಹುದೆಂದೂ ಹೇಳಿ ಬಂಗಲೆಗೆ ಹಿಂತಿರುಗಿದರು. ಕೆಂಪಯ್ಯನ ಮುಖ ಬಿಳಿಚಿತು. ತಾತನ ಕಾಲದ ಕಡವು. ಆದರೂ ಅವನು ಹರಿಗೋಲಿನ ಕಡೆ ಕೈ ನೀಡಲಿಲ್ಲ.

ನಾನು ಮನೆಗೆ ಬಂದೆ. ಕೆಂಪಯ್ಯನೂ ಮಹದೇವಪ್ಪನವರೂ ಹಿಂದೆಯೇ ಬಂದು ಜಗುಲಿಯಲ್ಲಿ ಸಾವಿನ ಮನೆಯವರಂತೆ ಕುಳಿತರು. ಒಳಗಿನಿಂದ ಮನೆಯವರು ಕರೆದರು. ಪರಪುರುಷರೊಡನೆ ನೇರವಾಗಿ ಮಾತನಾಡುವ ಪದ್ಧತಿ ಅವರಿಗಿಲ್ಲದ್ದರಿಂದ ಎಲ್ಲವನ್ನೂ ನನ್ನ ಮೂಲಕ ಹೇಳುವರು, ಜಗುಲಿಗೆ ಚೆನ್ನಾಗಿ ಕೇಳುವಷ್ಟು ಗಟ್ಟಿಯಾಗಿ.

"ಅಲ್ಲಾಂದ್ರೆ, ಈ ಕಥೇನ ಬರೆದೋರು ಯಾರು?"

"ಸದರಿ ದೋಣಿಯ ಯಜಮಾನರೇ. ಆ ದೊರೆಯೇ."

"ಎಲ್ಲಿ ಕೂತು ಬರೆದ್ರು? ಆ ನೀರಲ್ಲೇ?"

ನಮ್ಮ ಪುರಾಣಗಳಲ್ಲಿ ಯುದ್ಧ ಒಂದು ಕಡೆ, ಹೇಳುವ ಋಷಿಗಳು ಯಾವುದೋ ಅರಣ್ಯದಲ್ಲಿ. ಕಚೇರಿಯಲ್ಲಿಯೂ ಹಾಗೆಯೇ, ಪೆಟ್ಟು ತಿಂದವನೇ ಬೇರೆ, ಬರೆದುಕೊಳ್ಳುವವನೇ ಬೇರೆ. ಬರೆದವನೇ ನೀರಿನಲ್ಲಿದ್ದನೆಂಬುದು, ಅಷ್ಟು ಸಂಚಿಕೆಗಳನ್ನು ಓದಿ ಅರ್ಥ ಹೇಳಿದ ನನಗೆ ಹೊಳೆದಿರಲಿಲ್ಲ.

ಕೆಂಪಯ್ಯ ಬಾಗಿಲ ಕಡೆ ತಿರುಗಿ ಕುಳಿತ. "ಸರಿ ಕಣವ್ವಾ, ದೊರೆ ಬಂದವ್ನೆ. ಗಂಡ್ಸು, ಈಜ್ಕಂಡು ಬಂದಿರ್ತಾನೆ. ಟೋಪಿಯಮ್ಮ?"

"ಶಿವನೇ! ಹೆಂಡ್ತೀನ ನೀರಲ್ಲಿ ಬಿಟ್ಟು ಬಂದೋನು ಕೂತ್ಕೊಂಡು ಎಣ್ಣೆ ವಿಚಾರ ಬರೀತಾನೇನೋ?" ಎಂದರು ಮಹದೇವಪ್ಪನವರು.

"ಬರಿಯೋ ಪೈಕಿನೇ ಸಾವ್ಕಾರ್ರೇ ಅವ್ನು. ನೀವ್ ನಿದ್ದೆ ಮಾಡ್ತಿದ್ರಿ, ನಾನು ಕೇಳ್ತಿದ್ದೆ."

ಮನೆಯವರು ಪತ್ರಿಕೆಯನ್ನು ಒಳಗೆ ತರಿಸಿಕೊಂಡರು. ಪುಟ ಮಗುಚುವ ಸದ್ದು. ಅನಂತರ: "ಈ ಮಂಜಿನ ಪಟದಲ್ಲಿ ದೊರೆ ಯಂತ್ರದ ಮೇಲೆ ಬಗ್ಗಿದ್ದಾರೆ. ದೋಣೀಲಿದ್ದೋರು ಇಬ್ಬರೇ ಅಂದ್ರಿ. ಅಂದ್ಮೇಲೆ ಪಟ ತೆಗೆದೋರು ಟೋಪಿಯಮ್ಮನೇ. ಪಟ ತೆಗೆಯೋ ಪೆಟ್ಟಿಗೆ ನೆನೆಯದೆ ದಡಕ್ಕೆ ಬಂದದ್ದಕ್ಕೆ ತಾನೇ ಇದು ಅಚ್ಚಾಗಿರೋದು? ಅಂಥ ಪೆಟ್ಟಿಗೆ ಹೊತ್ಕೊಂಡು ಸಮುದ್ರದಲ್ಲಿ ಈಜೋಕಾಗತ್ತಾ ಅಂತ ಅವರನ್ನ ಕೇಳಿ."

ನಾನು ಕೇಳುವ ಅಗತ್ಯ ಬೀಳಲಿಲ್ಲ. ಕೆಂಪಯ್ಯ ಆಗಲೇ ಎದ್ದು ನಿಂತಿದ್ದ. "ಆಗಾಕಿಲ್ಲ ಕಣವ್ವಾ! ಯಾವ ಮಗನ ಕೈಲೂ ಆಗಾಕಿಲ್ಲ! ದೋಣಿನೇ ಬಂದದೆ. ದೋಣಿ ಬಂದ್ಮ್ಯಾಕೆ ಆಯಮ್ಮನೂ ಬಂದವ್ಳೆ!" ಎಂದು ಕೂಗಿ, ಕಣ್ಣೊರೆಸಿಕೊಂಡು ಹೊಳೆಯ ಕಡೆ ಓಡುವುದರಲ್ಲಿದ್ದ. ಮನೆಯವರು ತಡೆದು, ಮೊದಲು ಮಂಗಳವಾಗಲಿ ಎಂದು ಕರ್ಪೂರ ಹಚ್ಚಿ ಕಳುಹಿಸಿದರು. ಮೋಟಾರು ದೋಣಿಯ ಪತ್ರಿಕೆಗೆ ಆರತಿಯಾಯಿತು. ಅಮಲ್ದಾರರು ಊಟಕ್ಕೆ ಮುಂಚೆಯೇ ಸೋಸಲೆಯ ದಡದಲ್ಲಿ ಇಳಿದರು. ಮುಕ್ತಾಯವು ಕೈಸೇರಿದ ಹೊರತು ಆರಂಭವನ್ನು ಓದತಕ್ಕದ್ದಲ್ಲವೆಂದು ನನಗೆ ಬಾಯಿಮಾತಿನಲ್ಲಿ ತಾಕೀತಾದದ್ದನ್ನು ಬಿಟ್ಟರೆ ಬೇರೇನೂ ಆಗಲಿಲ್ಲ. ಅವರಿಗೂ ನಾನು ಕೃತಜ್ಞ.

ಆಮೇಲೆ ನಾನು ಇಂಜಿನಿಯರ್ ದೊರೆಗಳಿಗೆ ವಿನಯಪೂರ್ವಕವಾಗಿ ಬರೆದುಕೊಂಡೆ. ಆ ಮಹಾನುಭಾವರು ಬೇಸರಿಸದೆ ಮುಂದಿನ ಸಂಚಿಕೆಯನ್ನು ಕಳುಹಿಸಿಕೊಟ್ಟರು. ಜಗುಲಿ ಕಿಕ್ಕಿರಿಯಿತು. ನಾನು ತೆರೆದು ನೋಡಿದರೆ, ಮಂಜು ಅರ್ಧ ವಾಕ್ಯದಲ್ಲಿ ಕರಗಿ, ದೋಣಿ ಇನ್ನರ್ಧ ವಾಕ್ಯದಲ್ಲಿ ದಡ ಸೇರಿತ್ತು. ಉಳಿದದ್ದೆಲ್ಲ ಯಂತ್ರವನ್ನು ಬಿಚ್ಚಿ ಒರೆಸಿದ ವಿಚಾರ. ಆ ದೇಶದ ಓದುಗರಿಗೆ ಬೇಕಾದದ್ದು ಅದೇ ಇರಬೇಕು. ಅವರನ್ನು ನಾನು ದೂರುವುದಿಲ್ಲ. ಓದಿ ಮುಗಿಸಿದೆ. ಯಾರೂ ಏಳಲಿಲ್ಲ.

"ದಡಕ್ಕಿಳುದ್ಮ್ಯಾಕೆ ಟೋಪಿಯಮ್ಮ ಏನಂದ್ಲು ಸಾ?" ಎಂದ ಕೆಂಪಯ್ಯ.

ಪುಟವನ್ನು ಮೇಲಿನಿಂದ ಕೆಳಗೆ ಇನ್ನೊಮ್ಮೆ ನೋಡಿದೆ. ಆಕೆ ಏನೂ ಅಂದಿರಲಿಲ್ಲ. ಮುಖವೆತ್ತಿದರೆ, ಆಕೆಗಾಗಿ ತಾತನ ಕಡವನ್ನೇ ಪಣಕ್ಕಿಟ್ಟ ಮನುಷ್ಯ ಎದುರಿಗೆ ಕುಳಿತಿದ್ದ. ನಾನು ಬೆರಳನ್ನು ಎಣ್ಣೆಯ ಪ್ರಕರಣದ ಮೇಲೆ ಇಟ್ಟುಕೊಂಡು ಅರ್ಥ ಹೇಳಿದೆ: "ಟೋಪಿಯಮ್ಮನವರು ದಡಕ್ಕಿಳಿದು, ಸೆರಗು ಹಿಂಡಿಕೊಳ್ಳುತ್ತಾ, ಯಜಮಾನರ ಕಡೆ ತಿರುಗಿ, ಇನ್ನು ಮೇಲೆ ಅಂಬಿಗನಿಲ್ಲದ ದೋಣಿಯಲ್ಲಿ ನಾನು ಕಾಲಿಡತಕ್ಕವಳಲ್ಲ ಎಂದು ಹೇಳಿರುತ್ತಾರೆ."

"ಅಂಗನ್ನಿ ಮತ್ತೆ! ಎಂಗ್ಸು ಅಂದ್ರೆ ಎಂಗ್ಸು!" ಎಂದು ಕೆಂಪಯ್ಯ ತೊಡೆ ತಟ್ಟಿದ. ಜಗುಲಿಗೆ ಜಗುಲಿಯೇ ತೃಪ್ತಿಯಿಂದ ಎದ್ದಿತು. ಬಾಗಿಲ ಮರೆಯಲ್ಲಿ ಮಾತ್ರ ಸಣ್ಣಗೆ ಕೆಮ್ಮು ಕೇಳಿಸಿತು; ಇಂಗ್ಲಿಷ್ ಹೆಂಗಸಿಗೆ ಸೆರಗು ಎಲ್ಲಿಂದ ಬಂದಿತೆಂದು ಅವರೊಬ್ಬರಿಗೇ ಹೊಳೆದಿತ್ತು.

ಯಾವ ಕಾಗದದಲ್ಲಿಯೂ ಇಲ್ಲದ ಆ ಒಂದು ವಾಕ್ಯವೇ ನನ್ನ ಪ್ರಥಮ ಕೃತಿ. ಅದಕ್ಕೆ ಸಿಕ್ಕ ಮೆಚ್ಚುಗೆಯ ಬಲದಿಂದಲೇ ಈ ಎರಡನೆಯದಕ್ಕೆ ಕೈ ಹಾಕಿರುತ್ತೇನೆ. ಅಚ್ಚಿಗೆ ಕಳುಹಿಸುವುದಕ್ಕೆ ಮೊದಲು, ಇಂಥ ಸೆರಗು ಎಲ್ಲಿಯಾದರೂ ಉಳಿದಿದೆಯೇ ನೋಡಬೇಕೆಂದು ಪ್ರತಿಯನ್ನು ಒಳಗೆ ಕೊಟ್ಟಿದ್ದೇನೆ. ಅವರಿನ್ನೂ ಮೊದಲನೆಯ ಪುಟದಲ್ಲಿದ್ದಾರೆ. ಕೆಮ್ಮು ಆಗಲೇ ಶುರುವಾಗಿದೆ.