ದೀಪ ಹಚ್ಚಿ ಚಿತ್ರ ತೋರಿಸದ ಕೇಬಲ್ಲಿಗೆ

ಮಾನ್ಯ ಕೇಬಲ್ ಅವರೇ,

ತಮ್ಮಲ್ಲಿ ತಲೆ ಯಾವುದು, ಬಾಲ ಯಾವುದು ಎಂದು ತಿಳಿಯದ ಕಾರಣ ಎರಡೂ ತುದಿಗಳಿಗೆ ವಂದಿಸಿ, ಕಳೆದ ಭಾನುವಾರ ಬೆಳಿಗ್ಗೆ ನನ್ನ ಲ್ಯಾಪ್‌ಟಾಪಿಗೂ ದೊಡ್ಡ ಮಾನಿಟರಿಗೂ ನಡುವೆ ವಿರಾಜಮಾನರಾಗಿ ತಾವು ಎಸಗಿದ ಅನ್ಯಾಯವನ್ನು ನಾಲ್ಕು ಜನರ ಮುಂದೆ ನಿವೇದಿಸುತ್ತಿದ್ದೇನೆ.

ನನ್ನ ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳದು. ಬೇರೆ ಊರಿನಲ್ಲಿರುವ ಅವಳು ಭಾನುವಾರಗಳಂದು ವಿಡಿಯೋ ಕಾಲಿನಲ್ಲಿ ಕೈಸನ್ನೆಯಿಂದ ನನ್ನೊಡನೆ ಮಾತಾಡುತ್ತಾಳೆ. ಪುಟ್ಟ ಪರದೆಯಲ್ಲಿ ಅವಳ ಬೆರಳುಗಳು ನನ್ನ ಮುದಿಗಣ್ಣಿಗೆ ಇರುವೆಸಾಲಿನಂತೆ ಕಾಣುತ್ತಿದ್ದುದರಿಂದ ಮಾನಿಟರ್ ತಂದೆ. ಅದರೊಂದಿಗೆ ಬಂದ ಒಂದೇ ಕೇಬಲ್ ಲ್ಯಾಪ್‌ಟಾಪಿಗೆ ವಿದ್ಯುತ್ತನ್ನೂ ಮಾನಿಟರಿಗೆ ಚಿತ್ರವನ್ನೂ ಹೊತ್ತು ನಿಷ್ಠೆಯಿಂದ ದುಡಿಯುತ್ತಿತ್ತು. ಆದರೆ ಜೋತಾಡುವ ವಯರು ಕಂಡರಾಗದ ನನ್ನ ಮನೆಯಾಕೆ ಶನಿವಾರ ಎಲ್ಲವನ್ನೂ ಬಿಚ್ಚಿ, ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಡ್ರಾಯರಿಗೆ ಸೇರಿಸಿದಳು. ಅಲ್ಲಿ ಅದೇ ಬಣ್ಣ, ಅದೇ ಮೂತಿಯ ತಾವು, ಮೊಬೈಲ್ ಚಾರ್ಜರಿನೊಂದಿಗೆ ನಮ್ಮ ಮನೆಗೆ ಬಂದವರು, ವಿದ್ಯುತ್ತನ್ನಷ್ಟೇ ಹೊರಬಲ್ಲವರು, ಪವಡಿಸಿದ್ದಿರಿ. ಭಾನುವಾರ ಅಕ್ಕನ ಕಾಲ್ ಬಂದಾಗ ನಾನು ತಮ್ಮನ್ನೇ ಎತ್ತಿ ಚುಚ್ಚಿದೆ.

ಆಗ ತಾವು ತೋರಿದ ಗಾಂಭೀರ್ಯವನ್ನು ಎಷ್ಟು ಹೊಗಳಿದರೂ ಸಾಲದು! ಲ್ಯಾಪ್‌ಟಾಪಿನ ಚಾರ್ಜಿಂಗ್ ದೀಪವನ್ನು ಜಗ್ಗನೆ ಹೊತ್ತಿಸಿದಿರಿ. ಮಾನಿಟರನ್ನು ಮಾತ್ರ ಅಮಾವಾಸ್ಯೆಯಂತೆ ಬಿಟ್ಟಿರಿ. ಹಿಂದಿನ ಕಾಲದ ದಪ್ಪ ಕೇಬಲ್ಲುಗಳನ್ನು ನಾನು ಮರೆತಿಲ್ಲ: ಎರಡು ತಿರುಪು ಬಿಗಿಸಿಕೊಳ್ಳುತ್ತಿದ್ದ ಆ ನೀಲಿ ಮೂತಿಯವರು ಕುರೂಪಿಗಳೇ ಸರಿ, ಆದರೆ ಬಾರದ ಕೆಲಸದ ಕುರ್ಚಿಯಲ್ಲಿ ಎಂದೂ ಕೂರುತ್ತಿರಲಿಲ್ಲ, ಬೇರೆಯವರ ತೂತಿಗೆ ಅವರ ಮೂತಿಯೇ ಹೊಂದುತ್ತಿರಲಿಲ್ಲ. ತಾವೋ ಎಲ್ಲ ಕುರ್ಚಿಗೂ ಹೊಂದುತ್ತೀರಿ. “ದೀಪ ಹತ್ತಿದೆಯಲ್ಲ, ಇನ್ನೇನ್ರೀ ಬೇಕು ನಿಮಗೆ?” ಎಂದು ಮನೆಯಾಕೆಯೂ ತಮ್ಮ ಪರವಾಗಿ ಸಾಕ್ಷಿ ನುಡಿದಳು.

ನಾನು ಮೇಜಿನ ಕೆಳಗೆ ನುಸುಳಿ, ಮಾನಿಟರಿನ ಪ್ಲಗ್ಗುಗಳನ್ನೆಲ್ಲ ಕಿತ್ತು, ಮತ್ತೆ ಸಿಕ್ಕಿಸಿ, ಬೆವರು ಒರೆಸಿಕೊಳ್ಳುತ್ತಾ ಮೇಲೆದ್ದಾಗ, ಪುಟ್ಟ ಪರದೆಯಲ್ಲಿ ಅಕ್ಕನ ಕೈಗಳು ಆಗಲೇ ಮಡಿಲಿಗೆ ಇಳಿದಿದ್ದವು. ಅವಳು ಏನನ್ನೋ ಉದ್ದಕ್ಕೆ ಹೇಳಿ ಮುಗಿಸಿದ್ದಳು, ನನ್ನ ಖಾಲಿ ಕುರ್ಚಿಗೆ. ಮರುದಿನವೇ ಅವಳ ಬಲಗೈ ಮಣಿಕಟ್ಟಿಗೆ ಆಪರೇಷನ್. ಆಮೇಲೆ ತಿಂಗಳುಗಟ್ಟಲೆ ಬ್ಯಾಂಡೇಜು. ಮತ್ತೊಮ್ಮೆ ಹೇಳೆಂದು ಬೇಡಿದರೆ, ನೋಯುವ ಕೈಯನ್ನು ಒಮ್ಮೆ ಮಾತ್ರ ಎತ್ತಿ, “ಹೋಗೋ, ಬ್ಯಾಂಡೇಜು ಬಿಚ್ಚಿದ ಮೇಲೆ ನೋಡೋಣ” ಎಂದಳು. ಮೊಬೈಲಿನಲ್ಲಿ ಬರೆದು ಕಳಿಸಬಹುದಿತ್ತು, ನಿಜ. ಆದರೆ ಅವಳ ಬೈಗುಳವಾಗಲಿ ಅಕ್ಕರೆಯಾಗಲಿ ಅಕ್ಷರಕ್ಕೆ ಇಳಿಯುವಂಥದ್ದಲ್ಲ.

ಆದ್ದರಿಂದ ತಾವು ದಯಮಾಡಿ ಆ ಭಾನುವಾರವನ್ನು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ನನಗೆ ಹಿಂದಿರುಗಿಸಬೇಕು. ಅದಾಗದಿದ್ದರೆ, ತಮಗೆ ಯಾವ ಕೆಲಸ ಬರುತ್ತದೆ, ಯಾವುದು ಬಾರದು ಎಂಬುದನ್ನು ಮೈಮೇಲೆ ದೊಡ್ಡಕ್ಷರದಲ್ಲಿ ಬರೆಸಿಕೊಂಡು ತಿರುಗಬೇಕು. ಎರಡೂ ಆಗದಿದ್ದರೆ, ಏಕೆ ಆಗದೆಂದು ಅಕ್ಕನ ಬ್ಯಾಂಡೇಜು ಬಿಚ್ಚುವುದರೊಳಗೆ ಬಹಿರಂಗವಾಗಿ ಉತ್ತರಿಸಬೇಕು.

ದೀಪ ನೋಡಿ ಮೋಸಹೋದ ಮೇಲೂ ತಮ್ಮ ವಿಶ್ವಾಸಿ,
ಮೇಜಿನ ಕೆಳಗಿದ್ದವನು

ಮರೆತಿದ್ದ ಮಾತು: ಅಕ್ಕ ಎಡಗೈ ಹೆಬ್ಬೆರಳಿನಿಂದ ಒಂದು ಮೆಸೇಜು ಕಳಿಸಿದ್ದಾಳೆ: “ಬಗ್ಗಿದಾಗ ನಿನ್ನ ಬೋಳುತಲೆ ಮಾತ್ರ ಚೆನ್ನಾಗಿ ಕಾಣ್ತಿತ್ತು ಕಣೋ.” ಆ ತಲೆಯನ್ನು ಅವಳಿಗೆ ತೋರಿಸಲಿಕ್ಕೂ ತಮ್ಮ ನೆರವು ಬೇಕಾಗಲಿಲ್ಲ ಎಂಬುದನ್ನು ಉತ್ತರ ಬರೆಯುವಾಗ ಗಮನಿಸತಕ್ಕದ್ದು.