ಬಿಚ್ಚಿಕೊಳ್ಳುವ ಅಂಗಿ

ಮಾಲೀಕರು ವಿಮಾನದಲ್ಲಿ ಹೋಗಿ, ಭೂಮಿ ಉಳಿಸುವ ಬಗ್ಗೆ ಮೂರು ದಿನ ಭಾಷಣ ಕೇಳಿ, ವಿಮಾನದಲ್ಲೇ ಹಿಂದಿರುಗಿದರು. ಬರುವಾಗ ಒಂದು ಪುಟ್ಟ ದಾರದ ಉಂಡೆ ತಂದರು. ಮಾಸ್ಟರ ಗ್ರಹಚಾರ ಕೆಟ್ಟದ್ದು ಅದರಿಂದಲೇ.

ಮಾಸ್ಟರು ಆ ಬಟ್ಟೆ ಕಾರ್ಖಾನೆಯಲ್ಲಿ ಮಾದರಿ ಅಂಗಿ ಹೊಲಿದು ಉಳಿದವರಿಗೆ ಕಲಿಸುವವರು. ಇಪ್ಪತ್ತೆರಡು ವರ್ಷಗಳಿಂದ ಕಿಟಕಿ ಪಕ್ಕದ ಅದೇ ಮಿಷನ್, ಅದೇ ಸ್ಟೂಲು. ಆ ಜಾಗದ ಮೇಲೆ ಅವರಿಗೆ ಹೆಂಡತಿ ಹೊಟ್ಟೆಕಿಚ್ಚು ಪಡುವಷ್ಟು ಪ್ರೀತಿ.

“ಮಾಸ್ಟ್ರೇ, ಈ ದಾರ ಕಾವು ತಗುಲಿದ್ರೆ ಕರಗುತ್ತೆ,” ಎಂದರು ಮಾಲೀಕರು, ಗುಟ್ಟು ಹೇಳುವವರಂತೆ. “ಅಂಗಿ ಹಳೇದಾದ್ಮೇಲೆ ಬಿಸಿ ಪೆಟ್ಟಿಗೆಗೆ ಹಾಕೋದು. ತೋಳು ಬೇರೆ, ಕಾಲರ್ ಬೇರೆ ಆಗುತ್ತೆ. ಅದೇ ಬಟ್ಟೇಲಿ ಮತ್ತೆ ಹೊಸ ಅಂಗಿ. ಚೂರೂ ಕಸ ಇಲ್ಲ. ಸರ್ಕ್ಯುಲರ್ ಎಕಾನಮಿ!”

“ಇಷ್ಟು ದಿನ ಹೊಲಿಗೆ ಬಿಚ್ಕೊಂಡ್ರೆ ಬೈತಿದ್ರಿ, ಸಾರ್.”

“ಇನ್ಮೇಲೆ ಬಿಚ್ಕೊಳ್ದಿದ್ರೆ ಬೈತೀನಿ. ಮೂರು ಗಂಟೆಗೆ ನಮ್ಮ ಅಂಗಿ ಕೊಳ್ಳೋ ಕಂಪನಿಯ ಖರೀದಿ ಮೇಡಂ ಬರ್ತಾರೆ. ಅವರ ಕಣ್ಣೆದುರಿಗೇ ಅಂಗಿ ಬಿಡಿಬಿಡಿ ಆಗ್ಬೇಕು. ಆಗ್ಲಿಲ್ವೋ, ನಾಳೆಯಿಂದ ನೀವು ಪ್ಯಾಕಿಂಗ್‌ನಲ್ಲಿ ಸ್ಟಿಕರ್ ಅಂಟಿಸ್ತಾ ಕೂರಿ. ಯಾರ ಹತ್ರಾನೂ ಬಾಯಿ ಬಿಡ್ಬೇಡಿ.”

ಮಾಸ್ಟರು ಬಾಯಿ ಬಿಡಲಿಲ್ಲ. ಎಡವಟ್ಟಾದದ್ದು ಅಲ್ಲೇ. ಹನ್ನೊಂದು ಗಂಟೆಗೆ ಅಂಗಿ ಸಿದ್ಧವಾಯಿತು. ಅವರು ಟೀ ಕುಡಿದು ಬರುವಷ್ಟರಲ್ಲಿ, ಕಂಡ ಅಂಗಿಯನ್ನೆಲ್ಲ ಎತ್ತಿಕೊಂಡು ಹೋಗುವ ಇಸ್ತ್ರಿಯವನು ಇದನ್ನೂ ಎತ್ತಿಕೊಂಡು ಹೋಗಿದ್ದ. ಐದೇ ನಿಮಿಷದಲ್ಲಿ ಒಂದು ಕೈಯಲ್ಲಿ ತೋಳು, ಇನ್ನೊಂದು ಕೈಯಲ್ಲಿ ಕಾಲರ್ ಹಿಡಿದು ಓಡಿ ಬಂದ.

“ಅಣ್ಣಾ, ಬೇಜಾರು ಮಾಡ್ಕೋಬೇಡಿ. ವಯಸ್ಸಾಯ್ತು. ಒಂದ್ಸಲ ಕಣ್ಣು ತೋರಿಸ್ಕೊಂಡು ಬನ್ನಿ.”

ಮಾಸ್ಟರ ಹೊಲಿಗೆ ಬಿಚ್ಚಿಕೊಂಡಿತಂತೆ ಎಂಬ ಸುದ್ದಿ ಕಾರ್ಖಾನೆ ತುಂಬ ಹಬ್ಬಿತು. ಗುಂಡಿ ಹಚ್ಚುವ ಹೆಂಗಸರು ಕಣ್ಣಿನ ಡಾಕ್ಟರ ನಂಬರು ಕೊಟ್ಟರು. ಬಟ್ಟೆ ಕತ್ತರಿಸುವವನು ಹತ್ತಿರ ಬಂದು, “ಮನೇಲಿ ಅಕ್ಕನ ಜೊತೆ ಏನಾದ್ರೂ ಜಗಳಾನಾ?” ಎಂದು ಪಿಸುಗುಟ್ಟಿದ. ಮಾಸ್ಟರು ಹಲ್ಲು ಕಚ್ಚಿಕೊಂಡು ಅದೇ ತುಂಡುಗಳನ್ನು ಮತ್ತೆ ಹೊಲಿದರು.

ಈ ಸಲ ಎದುರು ನಿಂತದ್ದು ಗುಣಮಟ್ಟ ನೋಡುವ ಮೇಡಂ. ಇಸ್ತ್ರಿಯಾಗದ ಅಂಗಿಗೆ ಅವರು ಮುದ್ರೆ ಒತ್ತುವುದಿಲ್ಲ. ಮುದ್ರೆಯಿಲ್ಲದ ಅಂಗಿ ಅತಿಥಿಗಳ ಮುಂದೆ ಹೋಗುವ ಹಾಗಿಲ್ಲ. ಮಾಸ್ಟರು ಇಸ್ತ್ರಿಯವನನ್ನು ಪಕ್ಕಕ್ಕೆ ಕರೆದು, “ಸ್ವಿಚ್ ಹಾಕ್ಬೇಡ ಮಾರಾಯ. ತಣ್ಣಗಿರೋ ಇಸ್ತ್ರಿ ಪೆಟ್ಟಿಗೇನ ಸುಮ್ನೆ ಆಡಿಸು,” ಎಂದರು. ಅವನು ಭಕ್ತಿಯಿಂದ ಆಡಿಸಿದ. ಮೇಡಂ ಬಂದು ಪೆಟ್ಟಿಗೆ ಮುಟ್ಟಿ ನೋಡಿದರು.

“ಸಂಬಳ ಮಾತ್ರ ಬಿಸಿಬಿಸಿ ಬೇಕು ನಿಮಗೆ!” ಎಂದು ತಾವೇ ಸ್ವಿಚ್ ಹಾಕಿ, ಇಸ್ತ್ರಿ ಮಾಡುವುದು ಹೇಗೆಂದು ಇಬ್ಬರಿಗೂ ತೋರಿಸಿಕೊಟ್ಟರು. ಅಂಗಿ ಮತ್ತೆ ಬಿಡಿಬಿಡಿಯಾಗಿ ಮೇಜಿನ ಮೇಲೆ ಬಿತ್ತು.

ದಾರದ ಉಂಡೆಯೂ ಮುಗಿದಿತ್ತು. ಹೇಳಿಬಿಡೋಣವೆಂದು ಮಾಸ್ಟರು ಮಾಲೀಕರ ಕೋಣೆಗೆ ಹೋದರು. ಕೈಗಾರಿಕೆಯವರು ಕಷ್ಟ ಕಂಡು ಹೆದರಬಾರದೆಂದು ಅಲ್ಲಿ ಭಾಷಣದ ತಾಲೀಮು ನಡೆದಿತ್ತು. “ನನ್ನ ಹತ್ರ ಕಷ್ಟ ತರ್ಬೇಡಿ ಮಾಸ್ಟ್ರೇ, ಅಂಗಿ ತನ್ನಿ!” ಎಂದು ಅವರನ್ನು ಹೊರಗಟ್ಟಲಾಯಿತು. ಬೇರೆ ದಾರಿ ಕಾಣದೆ ಮಾಸ್ಟರು ಮಾಮೂಲಿ ದಾರದಲ್ಲೇ ಹೊಲಿದು ಮುಗಿಸಿದರು.

ಮೂರು ಗಂಟೆಗೆ ಖರೀದಿ ಮೇಡಂ ಬಂದರು. ಭಾಷಣವಾಯಿತು, ಚಪ್ಪಾಳೆಯಾಯಿತು, ಅಂಗಿ ಬಿಸಿ ಪೆಟ್ಟಿಗೆಯೊಳಗೆ ಹೋಯಿತು. ಹತ್ತು ನಿಮಿಷದ ಮೇಲೆ ಹೊರಗೆ ಬಂದಾಗ ಮದುಮಗ ಹಾಕಿಕೊಳ್ಳುವಷ್ಟು ಗರಿಗರಿಯಾಗಿತ್ತು. ಮೇಡಂ ತೋಳು ಹಿಡಿದು ಜಗ್ಗಿದರು. ಮಾಲೀಕರೂ ಜಗ್ಗಿದರು. ಒಂದು ಎಳೆಯೂ ಕದಲಲಿಲ್ಲ.

“ಮಾಸ್ಟ್ರೇ!”

ಮಾಸ್ಟರ ಕಣ್ಣ ಮುಂದೆ ಪ್ಯಾಕಿಂಗ್ ಕೋಣೆಯ ಸ್ಟಿಕರುಗಳು ಕುಣಿದವು. ಬಾಯಿಗೆ ಬಂದದ್ದನ್ನು ಹೇಳಿದರು: “ಅಮ್ಮಾ, ಇದೇ ಬಟ್ಟೆ ಬೆಳಿಗ್ಗೆಯಿಂದ ಎರಡು ಸಲ ಬಿಡಿಬಿಡಿ ಆಗಿದೆ, ಮೂರು ಸಲ ಅಂಗಿ ಆಗಿದೆ. ಒಂದಿಂಚು ದಂಡ ಆಗಿಲ್ಲ.”

ಮೇಡಂ ಕನ್ನಡಕ ಸರಿಮಾಡಿಕೊಂಡು ಹೊಲಿಗೆ ನೋಡಿದರು. “ಇದು ಮಾಮೂಲಿ ದಾರ ಅಲ್ವಾ? ಮಾಮೂಲಿ ಹೊಲಿಗೇನ ಒಂದೇ ದಿನದಲ್ಲಿ ಎರಡು ಸಲ ಬಿಚ್ಚಿ, ಬಟ್ಟೆ ಹರೀದೆ ಮತ್ತೆ ಹೊಲಿದ್ರಾ?”

ಮಾಸ್ಟರು ಅರ್ಧ ತಲೆಯಾಡಿಸಿದರು. ಉಳಿದರ್ಧವನ್ನು ಮಾಲೀಕರು ಆಡಿಸಿದರು: “ಅದು ನಮ್ಮಲ್ಲಿ ಮೊದಲಿಂದಲೂ ಇರೋ ಪದ್ಧತಿ, ಮೇಡಂ.”

“ಹಾಗಾದ್ರೆ ಆ ಕರಗೋ ದಾರ ಯಾಕೆ? ನಮ್ಮ ಗಿರಾಕಿಗಳು ಹಳೇದಾದ್ಮೇಲೆ ವಾಪಸ್ ಕೊಟ್ಟಿರೋ ನಿಮ್ಮವೇ ನಲವತ್ತು ಸಾವಿರ ಅಂಗಿ ಗೋಡೌನ್‌ನಲ್ಲಿ ಬಿದ್ದಿವೆ. ನಾಳೆ ಕಳಿಸ್ತೀನಿ. ಇವರೇ ಬಿಚ್ಚಲಿ.”

ಮಾಲೀಕರು ಮಾಸ್ಟರನ್ನು ತಬ್ಬಿಕೊಂಡರು. ಪ್ಯಾಕಿಂಗ್ ಮಾತು ಅಲ್ಲೇ ರದ್ದಾಯಿತು. ಅಂದೇ ಸಂಜೆ ಮಾಸ್ಟರಿಗೆ ‘ಬಿಚ್ಚುವ ವಿಭಾಗದ ಮುಖ್ಯಸ್ಥ’ ಎಂಬ ಫಲಕ, ಒಂದು ಪುಟ್ಟ ಬ್ಲೇಡು ಸಿಕ್ಕಿದವು. ಬರಲಿರುವ ಹಳೆ ಅಂಗಿಗಳ ಪೆಟ್ಟಿಗೆಗಳಿಗೆ ಜಾಗ ಬೇಕೆಂದು ಕಿಟಕಿ ಪಕ್ಕದ ಮಿಷನ್ನನ್ನು ನಾಲ್ಕು ಜನ ಹೊತ್ತುಕೊಂಡು ಹೋದರು. ಮಾಸ್ಟರು ಬಾಗಿಲ ತನಕ ಅದರ ಹಿಂದೆಯೇ ನಡೆದರು.

ನೋಡಲಿ ಎಂದು ಖರೀದಿ ಮೇಡಂ ಒಂದು ಹಳೆ ಅಂಗಿ ಬಿಟ್ಟುಹೋಗಿದ್ದರು. ಮಾಸ್ಟರು ಅರ್ಧ ಗಂಟೆ ತಿಣುಕಿದರೂ ಒಂದು ತೋಳು ಬಿಡಲಿಲ್ಲ. ಬ್ಲೇಡಿನ ಮೊನೆ ಮುರಿಯಿತು.

“ಯಾವ ಪುಣ್ಯಾತ್ಮನಯ್ಯಾ ಇದನ್ನ ಇಷ್ಟು ಬಿಗಿಯಾಗಿ ಹೊಲಿಸಿದ್ದು?”

“ನೀವೇ ಅಲ್ವಾ ಅಣ್ಣಾ,” ಎಂದ ಇಸ್ತ್ರಿಯವನು. “ಅಂಗಿ ಹರಿದ್ರೂ ಹೊಲಿಗೆ ಬಿಡಬಾರದು, ಎರಡೆರಡು ಸಲ ಹಾಕಿ ಅಂತ ಎಲ್ಲರ ತಲೆ ಮೇಲೆ ನಿಂತು ಕಲಿಸಿದ್ದು?”

ಮಾಸ್ಟರು ಇನ್ನೊಂದು ಬ್ಲೇಡು ಬೇಕೆಂದು ಚೀಟಿ ಬರೆಯತೊಡಗಿದರು.